ಟ್ರೈಪಾಡ್ ಕಾಲಿಗೆ ಹೊಕ್ಕ ಮರಳು: ತೊಳೆಯೋದು ಹೇಗೆ, ಗ್ರೀಸ್ ಎಲ್ಲಿಗೆ?

(ಈ ವಾರದ ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)

ಇವತ್ತಿನ ಎಪಿಸೋಡ್ ನನ್ನದೇ ಒಂದು ತಪ್ಪಿನಿಂದ ಶುರು.

ಜನವರಿಯಲ್ಲಿ ಮರವಂತೆಗೆ ಹೋಗಿದ್ದೆ. ಹೆದ್ದಾರಿ 66ರ ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಸೂರ್ಯಾಸ್ತದ ಟೈಮ್‌ಲ್ಯಾಪ್ಸ್‌ಗೆ ಟ್ರೈಪಾಡನ್ನ ಅಲೆ ಬರೋ ಜಾಗದಲ್ಲೇ ಊರಿದ್ದೆ. ಶೂಟ್ ಮುಗಿದ ಮೇಲೆ ಮಡಚಿ, ರಸ್ತೆ ದಾಟಿ, ನದಿ ನೀರಲ್ಲಿ ಒಂದ್ಸಲ ಜಾಲಾಡಿಸಿ ಬ್ಯಾಗಿಗೆ ತುರುಕಿದೆ. ಬೆಂಗಳೂರಿಗೆ ಬಂದು ಮಂಚದ ಕೆಳಗೆ ತಳ್ಳಿದೆ.

ಮೂರು ವಾರ ಬಿಟ್ಟು ಅದೇ ಟ್ರೈಪಾಡನ್ನ ತಿಪಟೂರಿನಲ್ಲಿ ನಮ್ಮಜ್ಜಿ ಎದುರು ನಿಲ್ಲಿಸಿದೆ. ಮದುವೆಯಾಗಿ ಆ ಮನೆಗೆ ಬಂದ ಮೊದಲ ವರ್ಷದ ಕಥೆ ಹೇಳಿ ಅಂತ ಎರಡು ವರ್ಷದಿಂದ ಕಾಡಿ ಒಪ್ಪಿಸಿದ್ದೆ. ಹತ್ತು ನಿಮಿಷ ಆಗಿತ್ತಷ್ಟೆ. ಒಂದು ಕಾಲು ಸದ್ದಿಲ್ಲದೆ ಒಳಗೆ ಜಾರಿ, ಕ್ಯಾಮೆರಾ ಧೊಪ್ಪಂತ ನೆಲಕ್ಕೆ. ಅದೂ ಗೆಳೆಯನ ಕ್ಯಾಮೆರಾ. ಲೆನ್ಸ್ ರಿಪೇರಿಗೆ 6,200 ರೂಪಾಯಿ ಆಯ್ತು. ಅಜ್ಜಿ "ಸಾಕು ಬಿಡೋ, ಇನ್ನೊಂದಿನ ನೋಡಣ" ಅಂತ ಎದ್ದು ಹೋದ್ರು. ಬಿ.ಕಾಂನಲ್ಲಿ ಡಿಪ್ರಿಸಿಯೇಶನ್ ಲೆಕ್ಕ ಕಲಿತಿದ್ದೆ. ಮೂರು ವಾರದ ಸೋಮಾರಿತನವನ್ನ ಯಾವ ಖಾತೆಗೆ ಬರೀಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಲು ಜಾರಿದ್ದು ಯಾಕೆ?

ನನ್ನದು ತಿರುಗಿಸಿ ಬಿಗಿ ಮಾಡೋ ಟ್ವಿಸ್ಟ್ ಲಾಕ್. ತಿರುಗಿಸಿದಾಗ ಒಳಗಿರೋ ಪ್ಲಾಸ್ಟಿಕ್ ಪಟ್ಟಿ ಕೊಳವೆಯನ್ನ ಅಮುಕಿ ಹಿಡಿಯುತ್ತೆ. ಆ ಹಿಡಿತದ ಮೇಲೇ ಕಾಲು ನಿಲ್ಲೋದು. ಥ್ರೆಡ್‌ಗೆ ಮರಳು ಹೊಕ್ಕಿದ್ರೆ ಲಾಕ್ ಅರ್ಧದಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಕೈಗೆ ಟೈಟ್ ಆಯ್ತು ಅನ್ಸುತ್ತೆ, ಒಳಗೆ ಕೊಳವೆ ಸಡಿಲವಾಗೇ ಇರುತ್ತೆ.

ಆ ಮರಳನ್ನ ಒಳಗೆ ಕಳಿಸಿದ್ದು ನಾನೇ. ಹೊರಗೆ ಅಂಟಿದ್ದ ಒದ್ದೆ ಮರಳಿನ ಸಮೇತ ಕಾಲು ಮಡಚಿದ್ದೆನಲ್ಲ, ಆಗ ಹೋಗಿದ್ದು.

ಎರಡನೇ ತಪ್ಪು ನದಿ. ಮರವಂತೆ ಹತ್ರ ಸೌಪರ್ಣಿಕಾಗೆ ಅಳಿವೆ ದೂರ ಇಲ್ಲ. ಮಳೆಗಾಲ ಕಳೆದ ಮೇಲೆ ಉಬ್ಬರದ ಜೊತೆ ಸಮುದ್ರದ ನೀರು ಒಳಗೆ ಬರುತ್ತೆ. ಅಂದ್ರೆ ಉಪ್ಪನ್ನ ಉಪ್ಪುನೀರಲ್ಲೇ ತೊಳೆದಿದ್ದೆ! ಉಪ್ಪು ಒಣಗಿದ ಮೇಲೂ ಗಾಳಿಯ ತೇವ ಎಳ್ಕೊಳ್ಳುತ್ತೆ. ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ತಾಗಿರೋ ಕಡೆ ಆ ತೇವ ಸಣ್ಣ ಬ್ಯಾಟರಿ ಥರ ಕೆಲಸ ಮಾಡಿ ಅಲ್ಯೂಮಿನಿಯಂನ ತಿನ್ನುತ್ತೆ. ಸ್ಕ್ರೂ ಸುತ್ತ ಬಿಳಿ ಪುಡಿ ಕಂಡ್ರೆ ಅದೇ ಅಂದ್ಕೊಳ್ಳಿ.

ತೊಳೆಯೋ ಕ್ರಮ

ಒಂದು ಸಲಕ್ಕೆ ಒಂದೇ ಕಾಲು ಬಿಚ್ಚಿ. ಬಿಚ್ಚೋ ಪ್ರತಿ ಹಂತದಲ್ಲೂ ಫೋನಲ್ಲಿ ಫೋಟೋ ತೆಗೆದಿಡಿ. ಲಾಕ್ ಪೂರ್ತಿ ತಿರುಗಿಸಿದ್ರೆ ಕೆಳಗಿನ ಕೊಳವೆ ಹೊರಗೆ ಬರುತ್ತೆ. ಅದರ ಮೇಲ್ತುದಿಯಲ್ಲಿ ಎರಡು ಅರ್ಧ ಬಳೆಯಂಥ ಪ್ಲಾಸ್ಟಿಕ್ ಚೂರು ಇರುತ್ತವೆ, ಕೆಳಗೆ ಉದುರೋದು ಗ್ಯಾರಂಟಿ. ಒಂದು ತಟ್ಟೆ ಇಟ್ಕೊಂಡು ಕೂತ್ಕೊಳ್ಳಿ.

ಮೊದಲು ಬಕೆಟ್ಟಿನ ಸಿಹಿನೀರಲ್ಲಿ ಬರೀ ಅದ್ದಿ, ಅಲ್ಲಾಡಿಸಿ. ಮರಳು ಹೋಗೋ ಮುಂಚೆ ಉಜ್ಜಿದ್ರೆ ಗೀರು ಬೀಳುತ್ತೆ. ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಥ್ರೆಡ್ ಉಜ್ಜಿ. ಹಳೇ ಗ್ರೀಸ್ ಕಪ್ಪಗೆ ಬರುತ್ತೆ, ಬರಲಿ. ಒರೆಸಿ, ರಾತ್ರಿಯಿಡೀ ನೆರಳಲ್ಲಿ ಒಣಗಿಸಿ.

ಕಡಿಮೆ ಬೆಲೆಯ ಮೊಬೈಲ್ ಟ್ರೈಪಾಡ್ ಎಷ್ಟೋ ಸಲ ಬಿಚ್ಚೋಕೆ ಬರಲ್ಲ. ಕಾಲು ಪೂರ್ತಿ ಎಳೆದು ಸಿಹಿನೀರಲ್ಲಿ ಜಾಲಾಡಿಸಿ, ಎಳೆದ ಹಾಗೇ ಒಣಗಿಸಿ.

ಗ್ರೀಸ್ ಎಲ್ಲಿಗೆ?

ಥ್ರೆಡ್‌ಗೆ ಮಾತ್ರ. ಸಿಲಿಕೋನ್ ಗ್ರೀಸ್ ಆದ್ರೆ ಪ್ಲಾಸ್ಟಿಕ್, ರಬ್ಬರ್‌ಗೂ ತೊಂದರೆ ಇಲ್ಲ. ಒಂದು ಲಾಕ್‌ಗೆ ಕಡಲೆಕಾಳಿನಷ್ಟು ಸಾಕು, ಬೆರಳಲ್ಲಿ ತೆಳ್ಳಗೆ ಸವರಿ. ಕೊಳವೆಗೆ ಹಚ್ಚಬೇಡಿ, ಹಿಡಿತ ಬೇಕಾದ ಜಾಗವೇ ಅದು. ಹೆಚ್ಚು ಹಚ್ಚಿದ್ರೆ ಮುಂದಿನ ಟ್ರಿಪ್‌ನ ಧೂಳೆಲ್ಲ ಅಲ್ಲೇ ಕೂರುತ್ತೆ.

ಅಜ್ಜಿ ಕೊಬ್ಬರಿ ಎಣ್ಣೆ ಬಟ್ಟಲು ತಂದು ಮುಂದೆ ಇಟ್ಟಿದ್ರು. ತಿಪಟೂರು ಅಂದ್ಮೇಲೆ ಕೇಳ್ಬೇಕಾ? ಆದ್ರೆ ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದ್ರೆ ಗಟ್ಟಿಯಾಗುತ್ತೆ, ಧೂಳು ಹಿಡಿದು ಅಂಟಾಗುತ್ತೆ. ಇನ್ನು ಡಬ್ಲ್ಯೂಡಿ-40 ಸ್ಪ್ರೇ. ಆ ಹೆಸರಿನ ಅರ್ಥವೇ ನೀರು ಹೊರಗೆ ತಳ್ಳೋದು. ತುಕ್ಕು ಹಿಡಿದ ಸ್ಕ್ರೂ ಬಿಡಿಸೋಕೆ ಚೆನ್ನಾಗಿದೆ, ಗ್ರೀಸ್‌ನ ಜಾಗ ಅದು ತುಂಬಲ್ಲ. ಇದ್ದ ಗ್ರೀಸನ್ನೂ ಕರಗಿಸಿಬಿಡುತ್ತೆ.

ಬಾಲ್ ಹೆಡ್ ಇದ್ರೆ ಗುಂಡನ್ನ ಒಣ ಬಟ್ಟೆಯಿಂದ ಒರೆಸಿ ಬಿಡಿ, ಎಣ್ಣೆ ಬಿದ್ರೆ ಕ್ಯಾಮೆರಾ ವಾಲುತ್ತೆ. ವಿಡಿಯೋದವರ ಫ್ಲೂಯಿಡ್ ಹೆಡ್ ಮಾತ್ರ ಬಿಚ್ಚಲೇಬೇಡಿ. ಅದರ ನಯವಾದ ಚಲನೆಗೆ ಕಾರಣ ಒಳಗೆ ತುಂಬಿರೋ ದ್ರವ.

ಮುಂದಿನ ಸಲ ಬೀಚಿಗೆ ಹೋದಾಗ

ಎಲ್ಲಕ್ಕಿಂತ ತೆಳ್ಳಗಿನ ಕೆಳಗಿನ ಭಾಗವನ್ನೇ ಮೊದಲು ಎಳೆಯಿರಿ. ಆಗ ಲಾಕ್ ನೀರು, ಮರಳಿನಿಂದ ಮೇಲೆ ಉಳಿಯುತ್ತೆ. ಮಡಚೋ ಮುಂಚೆ ಬಾಟಲಿಯಲ್ಲಿರೋ ಕುಡಿಯೋ ನೀರು ಸುರಿದು ಒರೆಸಿ. ಸಾಧ್ಯ ಆದ್ರೆ ಆ ಭಾಗ ಮಡಚದೇ ಮನೆಗೆ ತನ್ನಿ.

ಮತ್ತೆ ಜೋಡಿಸಿದ ಮೇಲೆ ಒಂದು ಪರೀಕ್ಷೆ: ಪ್ರತಿ ಕಾಲು ಎಳೆದು, ಲಾಕ್ ಮಾಡಿ, ಮೇಲಿಂದ ಅಂಗೈ ಊರಿ ಜೋರಾಗಿ ಒತ್ತಿ. ಒಂದು ನೂಲಿನಷ್ಟೂ ಇಳೀಬಾರದು. ಇಷ್ಟಕ್ಕೆಲ್ಲ ನನಗೆ ಹಿಡಿದಿದ್ದು ಒಂದು ಭಾನುವಾರದ ಬೆಳಗ್ಗೆ ಮತ್ತು ಒಂದು ಚಿಕ್ಕ ಗ್ರೀಸ್ ಟ್ಯೂಬ್.

ಹೋದ ವಾರ ಮತ್ತೆ ತಿಪಟೂರಿಗೆ ಹೋಗಿದ್ದೆ. ಅಜ್ಜಿ ಕೂತ್ರು, ಸೆರಗು ಸರಿ ಮಾಡ್ಕೊಂಡ್ರು, ಟ್ರೈಪಾಡನ್ನೇ ನೋಡಿದ್ರು. "ಮೊದ್ಲು ಅದರ ಕಾಲು ಗಟ್ಟಿ ಇದ್ಯಾ ನೋಡೋ" ಅಂದ್ರು. ಎದ್ದು ಮೂರನ್ನೂ ಒತ್ತಿ ತೋರಿಸಿದೆ. ಆಮೇಲೆ ನಲವತ್ತು ನಿಮಿಷ ಮಾತಾಡಿದ್ರು. ಆದ್ರೆ ಮೊದಲ ಸಲ ಹೇಳ್ತಾ ಹೇಳ್ತಾ ನಕ್ಕಿದ್ರಲ್ಲ, ಆ ಜಾಗ ಈ ಸಲ ಬರಲೇ ಇಲ್ಲ.

ನಿಮ್ಮ ಮಂಚದ ಕೆಳಗೂ ಒಂದು ಟ್ರೈಪಾಡ್ ಇದ್ರೆ, ಇವತ್ತೇ ಹೊರಗೆ ತೆಗೀರಿ. ಮುಂದಿನ ವಾರ ಸಿಗೋಣ.