ಆಕಾಶದಲ್ಲಿ ಕೈಕೊಡದ ಎಂಜಿನ್: ದೊಡ್ಡ ಮಾದರಿ ವಿಮಾನಕ್ಕೆ ಯಾವುದು ಸರಿ?

ತೋಟದಲ್ಲಿ ಹುಲ್ಲು ಕತ್ತರಿಸುವ ಮಿಶನ್ ನಡುವೆ ನಿಂತುಹೋದರೆ ಏನಾಗುತ್ತದೆ? ಕೆಲಸದವರು ಅದನ್ನು ನೆಲಕ್ಕಿಟ್ಟು, ಪ್ಲಗ್ ಬಿಚ್ಚಿ ಒರೆಸಿ, ಮತ್ತೆ ಹಗ್ಗ ಎಳೆಯುತ್ತಾರೆ. ಹತ್ತು ನಿಮಿಷ ಹಾಳು, ಅಷ್ಟೇ. ಅಂಥದೇ ಎಂಜಿನ್ ಒಂದು ವಿಮಾನದ ಮೂತಿಯಲ್ಲಿದ್ದು, ನೆಲದಿಂದ ಮೂವತ್ತು ಮೀಟರ್ ಎತ್ತರದಲ್ಲಿ ನಿಂತುಹೋದರೆ? ಅಲ್ಲಿ ಹಗ್ಗ ಎಳೆಯಲು ಯಾರೂ ಇಲ್ಲ.

ಈ ಹೋಲಿಕೆ ಸುಮ್ಮನೆ ಕೊಟ್ಟದ್ದಲ್ಲ. ರೇಡಿಯೋ ಮೂಲಕ ನಡೆಸುವ ದೊಡ್ಡ ಮಾದರಿ ವಿಮಾನಗಳ ಪೆಟ್ರೋಲ್ ಎಂಜಿನ್‌ಗಳು ಹುಲ್ಲು ಕತ್ತರಿಸುವ ಮತ್ತು ಮರ ಕೊಯ್ಯುವ ಮಿಶನ್‌ಗಳ ವಂಶದವೇ. ಜಪಾನಿನ ಜೆನೋವಾ ಕಂಪನಿ ತೋಟದ ಮಿಶನ್‌ಗಳನ್ನೂ ಮಾಡುತ್ತದೆ, ಮಾದರಿ ವಿಮಾನದವರಿಗೆ ಚೆನ್ನಾಗಿ ಪರಿಚಯವಿರುವ ಜಿ-62 ಎಂಬ 62 ಸಿಸಿ ಎಂಜಿನನ್ನೂ ಮಾಡಿತು. ಹಾಗಾಗಿ ಕಾಸರಗೋಡಿನ ಅಡಿಕೆ ತೋಟದಲ್ಲಿ ‘ಗುಂಯ್’ ಎನ್ನುವ ಮಿಶನನ್ನು ಹತ್ತಿರದಿಂದ ನೋಡಿದ ಹುಡುಗನಿಗೆ ಈ ಎಂಜಿನ್‌ಗಳ ಅರ್ಧ ವಿಷಯ ಆಗಲೇ ಗೊತ್ತಿದೆ ಅನ್ನಬಹುದು. ಉಳಿದ ಅರ್ಧವನ್ನು ಈಗ ನೋಡೋಣ.

ದೊಡ್ಡದು ಅಂದರೆ ಎಷ್ಟು ದೊಡ್ಡದು?

ದೊಡ್ಡ ಮಾದರಿ ವಿಮಾನಗಳ ಹವ್ಯಾಸಿಗಳು ಒಂದು ಅಳತೆ ಇಟ್ಟುಕೊಂಡಿದ್ದಾರೆ. ಒಂದೇ ಜೊತೆ ರೆಕ್ಕೆಯ ವಿಮಾನವಾದರೆ ರೆಕ್ಕೆಯ ತುದಿಯಿಂದ ತುದಿಗೆ 80 ಇಂಚು, ಅಂದರೆ ಸುಮಾರು 2 ಮೀಟರ್ ಇರಬೇಕು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯದಾದರೆ 60 ಇಂಚು ಸಾಕು. 50 ಸಿಸಿ ಎಂಜಿನ್ ಹಾಕುವ ವಿಮಾನ ಸಾಮಾನ್ಯವಾಗಿ 8-10 ಕೆ.ಜಿ. ತೂಗುತ್ತದೆ.

ಇಷ್ಟು ತೂಕದ ವಸ್ತು ವೇಗವಾಗಿ ಬಂದರೆ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. 9 ಕೆ.ಜಿ.ಯ ವಿಮಾನ ಸೆಕೆಂಡಿಗೆ 25 ಮೀಟರ್ (ಗಂಟೆಗೆ 90 ಕಿ.ಮೀ.) ವೇಗದಲ್ಲಿದ್ದರೆ ಅದರ ಚಲನಶಕ್ತಿ ½ × 9 × 25 × 25, ಅಂದರೆ ಸುಮಾರು 2,800 ಜೂಲ್. ಅದೇ 9 ಕೆ.ಜಿ.ಯ ಕಲ್ಲು ಸುಮಾರು 32 ಮೀಟರ್ ಎತ್ತರದಿಂದ, ಅಂದರೆ ಹತ್ತು ಮಹಡಿಯ ಕಟ್ಟಡದ ಮೇಲಿನಿಂದ ಬಿದ್ದಷ್ಟೇ ಪೆಟ್ಟು ಅದು. ಎಂಜಿನ್ ಆರಿಸುವುದು ಬರೀ ಶೋಕಿಯ ಮಾತಲ್ಲ ಎನ್ನುವುದು ಇದಕ್ಕೇ. ತಪ್ಪಾದರೆ ಹಾಳಾಗುವುದು ವಿಮಾನ ಮಾತ್ರ ಅಲ್ಲ, ಕೆಳಗೆ ಜನರೂ ಇರುತ್ತಾರೆ.

ಪೆಟ್ರೋಲೇ ಏಕೆ?

ಸಣ್ಣ ಮಾದರಿಗಳು ಬ್ಯಾಟರಿಯಲ್ಲೋ ಮೆಥನಾಲ್ ಎಂಬ ಆಲ್ಕೋಹಾಲಿನಲ್ಲೋ ಹಾರುತ್ತವೆ. ಒಂದು ಕೆ.ಜಿ. ಪೆಟ್ರೋಲಿನಲ್ಲಿ ಸುಮಾರು 44 ಮೆಗಾಜೂಲ್ ಶಕ್ತಿ ಇದೆ. ಮೆಥನಾಲಿನಲ್ಲಿ ಸುಮಾರು 20. ಮಾದರಿ ವಿಮಾನದ ಲಿಥಿಯಂ ಬ್ಯಾಟರಿಯಲ್ಲಿ ಕೆ.ಜಿ.ಗೆ ಒಂದು ಮೆಗಾಜೂಲ್ ಸಹ ಇಲ್ಲ. ಪೆಟ್ರೋಲ್ ಎಂಜಿನ್ ಆ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ, ನಿಜ. ಐದರಲ್ಲಿ ಒಂದು ಭಾಗ ಮಾತ್ರ ಪ್ರೊಪೆಲ್ಲರಿಗೆ ಸಿಕ್ಕಿತು ಅಂತಿಟ್ಟುಕೊಂಡರೂ ಬ್ಯಾಟರಿಗಿಂತ ಬಹಳ ಮುಂದೆಯೇ ಇದೆ. ಮೇಲಾಗಿ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ.

ಶಕ್ತಿ ಎಷ್ಟು ಬೇಕು?

ಜಾಹೀರಾತುಗಳಲ್ಲಿ ಮೊದಲು ಕಾಣುವುದು ಅಶ್ವಶಕ್ತಿ. ಒಳ್ಳೆಯ 50 ಸಿಸಿ ಮಾದರಿ ಎಂಜಿನ್ ಸುಮಾರು 5 ಅಶ್ವಶಕ್ತಿ ಕೊಡುತ್ತದೆ, ಒಂದೂವರೆ ಕೆ.ಜಿ. ಆಸುಪಾಸು ತೂಗುತ್ತದೆ. 22 ಇಂಚಿನ ಪ್ರೊಪೆಲ್ಲರನ್ನು ನಿಮಿಷಕ್ಕೆ 7,000 ಸುತ್ತು ತಿರುಗಿಸಬಲ್ಲದು. ಆಗ ಪ್ರೊಪೆಲ್ಲರಿನ ತುದಿ ಸೆಕೆಂಡಿಗೆ ಸುಮಾರು 205 ಮೀಟರ್, ಅಂದರೆ ಗಂಟೆಗೆ 735 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ! ಕಣ್ಣಿಗೆ ಅದು ಮಸುಕು ಬಳೆಯ ಹಾಗೆ ಕಾಣುತ್ತದೆ. ಬೆರಳು ಸಿಕ್ಕಿದರೆ ಕತೆ ಮುಗಿಯಿತು.

ಶಕ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಅಲ್ಲ. ದೊಡ್ಡ ಎಂಜಿನ್ ಅಂದರೆ ಹೆಚ್ಚು ತೂಕ. ವಿಮಾನದ ಮೂತಿ ಭಾರವಾದರೆ ಗುರುತ್ವ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಅದನ್ನು ಸರಿದೂಗಿಸಲು ಬಾಲಕ್ಕೆ ಸೀಸ ಕಟ್ಟಬೇಕು. ಆಗ ವಿಮಾನ ಇನ್ನಷ್ಟು ಭಾರವಾಗಿ, ಇಳಿಯುವಾಗಲೂ ಹೆಚ್ಚು ವೇಗ ಬೇಕಾಗುತ್ತದೆ. ಹಾಗಾಗಿ ವಿಮಾನದ ನಕ್ಷೆ ಮಾಡಿದವರು ಹೇಳಿದ ಅಳತೆಯ ಎಂಜಿನನ್ನೇ ಹಾಕುವುದು ಜಾಣತನ.

ಸರಪಳಿಯ ಲೆಕ್ಕ

ನಂಬಿಕೆಯ ಎಂಜಿನ್ ಅಂದರೆ ಏನು? ಒಂದು ಸಣ್ಣ ಗಣಿತ ಮಾಡೋಣ. ಎಂಜಿನ್ ಓಡುತ್ತಿರಬೇಕಾದರೆ ಹತ್ತು ಸಂಗತಿಗಳು ಒಟ್ಟಿಗೆ ಸರಿ ಇರಬೇಕು ಅಂದುಕೊಳ್ಳೋಣ. ಪ್ಲಗ್, ಬ್ಯಾಟರಿ, ತಂತಿ, ಟಾಂಕಿ, ನಳಿಗೆ, ಕಾರ್ಬೊರೇಟರ್, ಹೀಗೆ. ಪ್ರತಿಯೊಂದೂ ನೂರಕ್ಕೆ 99 ಸಲ ಸರಿಯಾಗಿ ಕೆಲಸ ಮಾಡುತ್ತದೆ. ಚೆನ್ನಾಗಿಯೇ ಇದೆಯಲ್ಲ? ಆದರೆ ಹತ್ತೂ ಒಟ್ಟಿಗೆ ಸರಿ ಇರುವ ಸಂಭವ 0.99ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.90. ಹತ್ತು ಹಾರಾಟಕ್ಕೆ ಒಂದು ಸಲ ಎಂಜಿನ್ ಕೈಕೊಟ್ಟ ಹಾಗಾಯಿತು!

ಆದ್ದರಿಂದ ‘ಎಷ್ಟು ಅಶ್ವಶಕ್ತಿ?’ ಎಂದು ಕೇಳುವ ಮೊದಲು ‘ಈ ಸರಪಳಿಯಲ್ಲಿ ಸಡಿಲವಾದ ಕೊಂಡಿ ಯಾವುದು?’ ಎಂದು ಕೇಳಬೇಕು. ಮುಖ್ಯವಾದ ನಾಲ್ಕು ಕೊಂಡಿಗಳು ಇವು.

ಮೊದಲನೆಯದು, ಇಂಧನ. ಹಳೇ ಬೈಕಿನ ಕಾರ್ಬೊರೇಟರಿನಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಬುರುಡೆ ಇರುತ್ತದೆ. ಬೈಕು ಅಡ್ಡ ಬಿದ್ದರೆ ಪೆಟ್ರೋಲ್ ಸುರಿಯುವುದನ್ನು ನೀವು ನೋಡಿರಬಹುದು. ತಲೆಕೆಳಗಾಗಿ ಹಾರುವ ವಿಮಾನಕ್ಕೆ ಇದು ಆಗದು. ಅದಕ್ಕೇ ತೋಟದ ಮಿಶನಿನಲ್ಲಿ ಇರುವಂಥ ಪೊರೆಯ ಕಾರ್ಬೊರೇಟರ್ ಇಲ್ಲೂ ಇದೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಕ್ರ್ಯಾಂಕ್ ಪೆಟ್ಟಿಗೆಯೊಳಗಿನ ಒತ್ತಡ ಏರುತ್ತ ಇಳಿಯುತ್ತ ಇರುತ್ತದೆ. ಆ ಮಿಡಿತವೇ ತೆಳು ಪೊರೆಯನ್ನು ಅಲುಗಿಸಿ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ನೆಟ್ಟಗಿದ್ದರೂ ತಲೆಕೆಳಗಾದರೂ ವ್ಯತ್ಯಾಸವಿಲ್ಲ. ಟಾಂಕಿಯೊಳಗೆ ಮೆತ್ತನೆಯ ನಳಿಗೆಯ ತುದಿಗೆ ಒಂದು ಭಾರದ ಗುಂಡು ಕಟ್ಟಿರುತ್ತಾರೆ. ಪೆಟ್ರೋಲ್ ಯಾವ ಕಡೆ ಸರಿಯುತ್ತದೋ ಗುಂಡೂ ಆ ಕಡೆಗೇ ಹೋಗುತ್ತದೆ. ಮೆಥನಾಲಿಗೆ ಬಳಸುವ ಸಿಲಿಕೋನ್ ನಳಿಗೆ ಪೆಟ್ರೋಲಿನಲ್ಲಿ ಉಬ್ಬಿ ಹಾಳಾಗುತ್ತದೆ, ಪೆಟ್ರೋಲಿಗೆಂದೇ ಮಾಡಿದ ನಳಿಗೆ ಬೇಕು. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ರಬ್ಬರಿಗೂ ಒಳ್ಳೆಯದಲ್ಲ. ಹಾಗಾಗಿ ಹಾರಾಟ ಮುಗಿದ ಮೇಲೆ ಟಾಂಕಿ ಖಾಲಿ ಮಾಡಿ ಇಡಬೇಕು.

ಎರಡನೆಯದು, ಕಿಡಿ. ಟೂ ಸ್ಟ್ರೋಕ್ ಎಂಜಿನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ 7,000 ಸುತ್ತು ಅಂದರೆ ಸೆಕೆಂಡಿಗೆ ಸುಮಾರು 117 ಕಿಡಿಗಳು. ಈ ಕಿಡಿ ಎರಡು ದಾರಿಯಲ್ಲಿ ಬರುತ್ತದೆ. ಮ್ಯಾಗ್ನೆಟೋದಲ್ಲಿ ತಿರುಗುವ ಅಯಸ್ಕಾಂತವೇ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ನಿಮ್ಮ ವಿಜ್ಞಾನ ಪಾಠದ ಫ್ಯಾರಡೆ ನಿಯಮ ಇಲ್ಲಿ ಕೆಲಸ ಮಾಡುತ್ತಿದೆ. ಬ್ಯಾಟರಿ ಬೇಡ, ಆದರೆ ತೂಕ ಜಾಸ್ತಿ. ಎಲೆಕ್ಟ್ರಾನಿಕ್ ಕಿಡಿಯ ಪೆಟ್ಟಿಗೆ ಹಗುರ, ಎಂಜಿನಿನ ವೇಗಕ್ಕೆ ತಕ್ಕಂತೆ ಕಿಡಿಯ ಸಮಯವನ್ನೂ ಬದಲಿಸುತ್ತದೆ, ಸ್ಟಾರ್ಟ್ ಮಾಡುವುದೂ ಸುಲಭ. ಆದರೆ ಅದರ ಬ್ಯಾಟರಿ ಸತ್ತರೆ ಎಂಜಿನೂ ಸತ್ತಿತು. ಇನ್ನೊಂದು ವಿಷಯ ಏನಂದ್ರೆ, ಪ್ರತಿ ಕಿಡಿಯೂ ರೇಡಿಯೋ ಅಲೆಗಳನ್ನು ಹೊರಡಿಸುತ್ತದೆ. ಹರ್ಟ್ಸ್ ಪ್ರಯೋಗಶಾಲೆಯಲ್ಲಿ ರೇಡಿಯೋ ಅಲೆ ಹುಟ್ಟಿಸಿದ್ದು ಕಿಡಿಯಿಂದಲೇ. ಅದು ವಿಮಾನದ ರಿಸೀವರನ್ನು ಗಲಿಬಿಲಿ ಮಾಡಬಾರದು. ಅದಕ್ಕಾಗಿ ಪ್ಲಗ್ಗಿನ ತಂತಿಗೆ ಲೋಹದ ಜಾಲರಿ ಹೊದಿಸುತ್ತಾರೆ, ಕಿಡಿಯ ಪೆಟ್ಟಿಗೆಯನ್ನು ರಿಸೀವರಿನಿಂದ ಅಡಿಗೋಲಿನಷ್ಟಾದರೂ ದೂರ ಇಡುತ್ತಾರೆ.

ಮೂರನೆಯದು, ಬಿಸಿ. ಟೂ ಸ್ಟ್ರೋಕ್ ಎಂಜಿನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. 40ಕ್ಕೆ 1 ಎಂದು ಹೇಳಿದ್ದರೆ ಒಂದು ಲೀಟರಿಗೆ 25 ಮಿ.ಲೀ. ಎಣ್ಣೆ. ಕಾರ್ಬೊರೇಟರಿನ ಸೂಜಿಯನ್ನು ತುಂಬ ಬಿಗಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರೊಂದಿಗೆ ಎಣ್ಣೆಯೂ ಕಡಿಮೆ. ಎಂಜಿನ್ ಸ್ವಲ್ಪ ಹೊತ್ತು ಚುರುಕಾಗಿ ಓಡಿ, ಕಾದು, ಹಿಡಿದು ನಿಲ್ಲುತ್ತದೆ. ಗಾಳಿಯ ದಾರಿಯೂ ಮುಖ್ಯ. ಮೂತಿಯ ಮುಚ್ಚಳದಲ್ಲಿ ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ಎರಡು-ಮೂರು ಪಟ್ಟು ದೊಡ್ಡದಿರಬೇಕು. ಬಿಸಿ ಗಾಳಿ ಹಿಗ್ಗುತ್ತದಲ್ಲವೇ?

ನಾಲ್ಕನೆಯದು, ನಡುಕ. ಒಂದೇ ಸಿಲಿಂಡರಿನ ಎಂಜಿನ್ ಗಡಗಡ ನಡುಗುತ್ತದೆ. ಎದುರುಬದುರಾಗಿ ಎರಡು ಸಿಲಿಂಡರ್ ಇದ್ದರೆ ಎರಡು ಪಿಸ್ಟನ್‌ಗಳೂ ಒಟ್ಟಿಗೆ ಹೊರಕ್ಕೂ ಒಳಕ್ಕೂ ಹೋಗುವುದರಿಂದ ನಡುಕ ಬಹಳ ಕಡಿಮೆ. ಆದರೆ ಬೆಲೆ, ತೂಕ ಹೆಚ್ಚು, ನೋಡಿಕೊಳ್ಳಬೇಕಾದ ಪ್ಲಗ್ಗೂ ಎರಡು. ಎಷ್ಟೋ ಸಲ ಎಂಜಿನ್ ಕೆಡುವುದಿಲ್ಲ, ನಡುಕಕ್ಕೆ ಸಡಿಲವಾದ ಒಂದು ಬೋಲ್ಟು ವಿಮಾನವನ್ನು ಕೆಡವುತ್ತದೆ.

ಸಮುದ್ರ ದಾಟಿದ 10 ಸಿಸಿ

ಶಕ್ತಿಗಿಂತ ನಂಬಿಕೆ ದೊಡ್ಡದು ಎನ್ನುವುದಕ್ಕೆ ಒಂದು ನಿಜವಾದ ಕತೆ ಇದೆ. ಅಮೆರಿಕದ ಮೇನಾರ್ಡ್ ಹಿಲ್ ಅವರಿಗೆ ಆಗ 77 ವರ್ಷ. ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ಅವರೂ ಅವರ ಗೆಳೆಯರೂ ಸೇರಿ ಬಾಲ್ಸಾ ಎಂಬ ಹಗುರ ಮರದಿಂದ ಮಾದರಿ ವಿಮಾನಗಳನ್ನು ಕಟ್ಟಿ, ಅಟ್ಲಾಂಟಿಕ್ ಸಾಗರ ದಾಟಿಸಲು ಹೊರಟರು. ಮೊದಲಿನ ಪ್ರಯತ್ನಗಳಲ್ಲಿ ವಿಮಾನಗಳು ಸಮುದ್ರಪಾಲಾದವು. ಅವರು ಬಿಡಲಿಲ್ಲ.

2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್‌ನಿಂದ ಟ್ಯಾಮ್-5 ಎಂಬ ವಿಮಾನ ಮೇಲೇರಿತು. ಆಗಸ್ಟ್ 11ರಂದು ಐರ್ಲೆಂಡಿನ ಕ್ಲಿಫ್ಡನ್ ಬಳಿ ಇಳಿಯಿತು. 38 ಗಂಟೆ 52 ನಿಮಿಷಗಳಲ್ಲಿ ಸುಮಾರು 3,030 ಕಿ.ಮೀ. ಹಾರಿತ್ತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿ ಇಳಿದದ್ದೂ ಕ್ಲಿಫ್ಡನ್ ಬಳಿಯೇ. ಅವರ ವಿಮಾನಕ್ಕೆ ತಲಾ 360 ಅಶ್ವಶಕ್ತಿಯ ಎರಡು ಎಂಜಿನ್ ಇದ್ದವು. ಟ್ಯಾಮ್-5ಕ್ಕೆ ಇದ್ದದ್ದು 10 ಸಿಸಿಯ ಒಂದೇ ಎಂಜಿನ್. ಇಂಧನ ಸೇರಿ ಇಡೀ ವಿಮಾನದ ತೂಕ 5 ಕೆ.ಜಿ. ಮೀರುವಂತಿರಲಿಲ್ಲ, ಅದು ಮಾದರಿ ವಿಮಾನ ದಾಖಲೆಯ ನಿಯಮ.

ಹಿಲ್ ಆರಿಸಿದ್ದು ಫೋರ್ ಸ್ಟ್ರೋಕ್ ಎಂಜಿನ್. ಏಕೆಂದರೆ ಟೂ ಸ್ಟ್ರೋಕಿನಲ್ಲಿ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಮೆಥನಾಲಿಗೆಂದು ಮಾಡಿದ್ದ ಆ ಎಂಜಿನನ್ನು ಕಿಡಿಯಿಂದ ಉರಿಯುವಂತೆ ಬದಲಿಸಿದರು. ಲಾಂದ್ರಕ್ಕೆ ಹಾಕುವ, ಪೆಟ್ರೋಲಿನಂಥ ಶುದ್ಧ ಇಂಧನಕ್ಕೆ ಎಣ್ಣೆ ಬೆರೆಸಿ ಬಳಸಿದರು. ಎಂಜಿನನ್ನು ಜೋರಾಗಿ ಓಡಿಸದೆ ನಿಧಾನವಾಗಿ, ಒಂದೇ ಹದದಲ್ಲಿ ಓಡಿಸಿದರು. ಶಕ್ತಿ ಕಡಿಮೆ, ಆದರೆ ಎರಡು ಹಗಲು ಎರಡು ರಾತ್ರಿಗಳ ನಡುವೆ ಒಂದು ಸಲವೂ ನಿಲ್ಲಲಿಲ್ಲ.

ಹಾಗಾದರೆ ಏನು ಕೇಳಬೇಕು?

ಎಂಜಿನ್ ಕೊಳ್ಳುವವರು ಈ ಪ್ರಶ್ನೆಗಳನ್ನು ಕೇಳಲಿ. ವಿಮಾನದ ತೂಕಕ್ಕೂ ಈ ಎಂಜಿನಿಗೂ ಹೊಂದುತ್ತದೆಯೇ? ಪೊರೆ, ಪ್ಲಗ್, ಪಿಸ್ಟನ್ ರಿಂಗು ಬೇಕೆಂದಾಗ ಸಿಗುತ್ತವೆಯೇ? ಕೆಟ್ಟರೆ ಸರಿಮಾಡುವವರು ಹತ್ತಿರದಲ್ಲಿ ಇದ್ದಾರೆಯೇ? ನಿಧಾನಗತಿಯಲ್ಲಿ ನಿಲ್ಲದೆ ಓಡುತ್ತದೆಯೇ? ಇಳಿಯುವ ಹೊತ್ತಿಗೆ ಬೇಕಾಗುವುದು ಅದೇ. ನೆಲದಿಂದಲೇ ರೇಡಿಯೋ ಮೂಲಕ ಕಿಡಿ ನಿಲ್ಲಿಸುವ ಸ್ವಿಚ್ ಹಾಕಬಹುದೇ? ಬೇಕಾದಾಗ ನಿಲ್ಲಿಸಲು ಬರುವುದೂ ನಂಬಿಕೆಯ ಒಂದು ಭಾಗ.

ಕೊಂಡ ತಕ್ಷಣ ಹಾರಿಸುವಂತಿಲ್ಲ. ಹೊಸ ಬೈಕಿನಂತೆ ಹೊಸ ಎಂಜಿನಿನ ರಿಂಗುಗಳೂ ಪಳಗಬೇಕು. ಅದಕ್ಕೆ ಕೆಲವು ಲೀಟರ್ ಪೆಟ್ರೋಲ್ ಬೇಕಾಗುತ್ತದೆ. ನೆಲದಲ್ಲಿ ಮೂತಿ ಮೇಲೆ, ಮೂತಿ ಕೆಳಗೆ ಹಿಡಿದು ಓಡಿಸಿ ನೋಡಿದ ಮೇಲೆಯೇ ಆಕಾಶ.

ನಮ್ಮ ದೇಶದ 2021ರ ಡ್ರೋನ್ ನಿಯಮಗಳಲ್ಲಿ ಮಾದರಿ ವಿಮಾನಗಳೂ ಸೇರಿವೆ. ತೂಕ 25 ಕೆ.ಜಿ. ಮೀರಬಾರದು, ಹಾರಿಸುವವರ ಕಣ್ಣಳತೆಯಲ್ಲೇ ಇರಬೇಕು. ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂಬ ನಕ್ಷೆಯೂ ಇದೆ. ಮಕ್ಕಳು ಇದನ್ನು ಅನುಭವಸ್ಥ ದೊಡ್ಡವರಿಲ್ಲದೆ ಮುಟ್ಟಲೇಬಾರದು. ತಿರುಗುವ ಪ್ರೊಪೆಲ್ಲರಿನ ನೇರಕ್ಕೆ ಯಾರೂ ನಿಲ್ಲಬಾರದು.

ಲೆಕ್ಕ ಮಾಡಿ ನೋಡಿ

1. ಎಣ್ಣೆಯ ಪ್ರಮಾಣ 40ಕ್ಕೆ 1. ಮೂರು ಲೀಟರ್ ಪೆಟ್ರೋಲಿಗೆ ಎಷ್ಟು ಎಣ್ಣೆ?
2. ನಿಮಿಷಕ್ಕೆ 6,000 ಸುತ್ತಿನಲ್ಲಿ ಟೂ ಸ್ಟ್ರೋಕ್ ಎಂಜಿನಿಗೆ ಸೆಕೆಂಡಿಗೆ ಎಷ್ಟು ಕಿಡಿ ಬೇಕು? ಫೋರ್ ಸ್ಟ್ರೋಕಿಗೆ?
3. ಟ್ಯಾಮ್-5ರ ಸರಾಸರಿ ವೇಗ ಗಂಟೆಗೆ ಎಷ್ಟು?
4. ಹತ್ತು ಕೊಂಡಿಗಳಲ್ಲಿ ಪ್ರತಿಯೊಂದೂ ಸಾವಿರಕ್ಕೆ 999 ಸಲ ಸರಿ ಇದ್ದರೆ ಇಡೀ ಸರಪಳಿ ಸರಿ ಇರುವ ಸಂಭವ ಎಷ್ಟು?

ಉತ್ತರ: 1) 75 ಮಿ.ಲೀ. 2) 100, 50. 3) ಸುಮಾರು 78 ಕಿ.ಮೀ. 4) ಸುಮಾರು 0.99. ಪ್ರತಿ ಕೊಂಡಿಯನ್ನೂ ಸ್ವಲ್ಪ ಸ್ವಲ್ಪ ಗಟ್ಟಿ ಮಾಡಿದರೆ, ಹತ್ತು ಹಾರಾಟಕ್ಕೊಮ್ಮೆ ನಿಲ್ಲುತ್ತಿದ್ದ ಎಂಜಿನ್ ನೂರು ಹಾರಾಟಕ್ಕೊಮ್ಮೆ ಮಾತ್ರ ನಿಲ್ಲುತ್ತದೆ.