ಎರೆಹೊಲದ ಮಣ್ಣು ಎಲ್ಲಿಗೆ ಹೋಯಿತು?

ಶಿರಹಟ್ಟಿ, ಮುಂಡರಗಿಯ ಕಡೆ ಕಪ್ಪತಗುಡ್ಡದ ಮಸಾರಿ ಇಳಿಜಾರಿನಲ್ಲಿ ಮಳೆ ತೋಡಿದ ಕೊರಕಲುಗಳನ್ನು ನೀವು ನೋಡಿರಬಹುದು. ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಸುತ್ತಲಿನ ಸಪಾಟಾಗಿ ಕಾಣುವ ಎರೆಹೊಲಗಳೂ ಸವೆಯುತ್ತವೆ ಎಂದರೆ ನಂಬುವವರು ಕಡಿಮೆ.

ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳು ಮೊದಲ ಮಳೆಯ ನೀರನ್ನು ಕುಡಿಯುತ್ತವೆ. ನೆನೆದ ಜೇಡಿ ಉಬ್ಬಿ ಬಿರುಕು ಮುಚ್ಚಿತೆಂದರೆ ನೀರು ಇಂಗುವುದು ಬಹಳ ನಿಧಾನ, ಉಳಿದದ್ದು ಹರಿದುಹೋಗುತ್ತದೆ. ಹಿಂಗಾರಿ ಜೋಳ, ಕಡಲೆಗೆಂದು ಖಾಲಿ ಬಿಟ್ಟ ಹೊಲದ ಮೇಲೆ ಸೆಪ್ಟೆಂಬರ್ ಸುಮಾರಿನ ದೊಡ್ಡ ಮಳೆ ಸುರಿಯುವುದು ಆಗಲೇ. ದಪ್ಪ ಹನಿಯ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ತಡೆಯಲು ಎಲೆಯೊಂದೂ ಇಲ್ಲ. ಹನಿ ಹೆಂಟೆಯನ್ನು ಒಡೆಯುತ್ತದೆ, ನೀರು ಕಣಗಳನ್ನು ಹೊತ್ತೊಯ್ಯುತ್ತದೆ.

ಲೆಕ್ಕ ಹಾಕಿ: ಎಕರೆಗೆ ಒಂದೇ ಮಿಲಿಮೀಟರ್ ಪದರ ಹೋದರೆ 4 ಘನ ಮೀಟರ್, ಸುಮಾರು 5 ಟನ್ ಮಣ್ಣು! ಕೊರಕಲನ್ನು ನಮ್ಮ ಕ್ಯಾಮೆರಾ ಹಿಡಿದೀತು, ಇದನ್ನು ಹಿಡಿಯದು.

ಮುಂಡರಗಿ ಕಡೆಯ ಹಳ್ಳಗಳು ತುಂಗಭದ್ರೆಗೆ ಇಳಿಯುತ್ತವೆ. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2016ರ ಅಳತೆಯಲ್ಲಿ ಸುಮಾರು 106 ಟಿಎಂಸಿ. ಆ ಹೂಳಿನಲ್ಲಿ ಇಲ್ಲಿನ ಹೊಲಗಳ ಪಾಲೂ ಇದೆ.

ಖಾಲಿ ಹೊಲದಲ್ಲಿ ಮಳೆಗೆ ಮುಂಚೆಯೇ ಚೌಕು ಮಡಿ ಕಟ್ಟಿದರೆ ನೀರು ಅಲ್ಲಲ್ಲೇ ನಿಂತು ಇಂಗುತ್ತದೆ. ಆ ತೇವವೇ ಹಿಂಗಾರಿ ಜೋಳಕ್ಕೆ ಆಧಾರ.