ಒಲೆ ಆರಿದ ಮನೆಯ ಗೋಡೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಮಣ್ಣುಗೋಡೆಯ ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ ಮೊದಲ ಮಳೆಗಾಲದಲ್ಲೇ ಅಮ್ಮನ ಬೀರುವಿನ ಹಿಂದಿನ ಗೋಡೆ ಕಪ್ಪಾಯಿತು. ಬೀರು ತೆಗೆದರೆ ಮುಗ್ಗಲು ವಾಸನೆ. ರೇಷ್ಮೆ ಸೀರೆಯ ಮಡಿಕೆಯ ಮೇಲೆ ಬಿಳಿ ಚುಕ್ಕೆ, ಅಪ್ಪನ ಚರ್ಮದ ಬೆಲ್ಟಿನ ಮೇಲೆ ಹಸಿರು ಪುಡಿ. "ಮಣ್ಣಿನ ಮನೇಲಿ ನಲವತ್ತು ವರ್ಷ ಇದ್ದೆ, ಒಂದು ಸೀರೆಗೂ ಬೂಷ್ಟು ಹಿಡಿದಿರಲಿಲ್ಲ. ಇಷ್ಟು ದುಡ್ಡು ಹಾಕಿದ ಈ ಮನೆಗೆ ಯಾಕೆ ಹಿಡೀತು?" ಎಂದು ಅಮ್ಮ ಕೇಳಿದರು.

ಪ್ರಶ್ನೆ ಸರಿಯಾದದ್ದೇ. ಉತ್ತರ ಗೊತ್ತಾಗಬೇಕಾದರೆ ಬೂಷ್ಟಿನ ಊಟದ ರೀತಿ ಗೊತ್ತಿರಬೇಕು. ಬೂಷ್ಟು ಒಂದು ಶಿಲೀಂಧ್ರ. ಅದು ಗಿಡವಲ್ಲ, ಪ್ರಾಣಿಯೂ ಅಲ್ಲ. ನೆಂಟಸ್ತನ ಲೆಕ್ಕ ಹಾಕಿದರೆ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಗಿಡದ ಹಾಗೆ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳಲು ಅದಕ್ಕೆ ಬಾರದು, ನಮ್ಮ ಹಾಗೆ ನುಂಗಲೂ ಬಾಯಿಲ್ಲ. ಜೀರ್ಣರಸವನ್ನು ಮೈಯಿಂದ ಹೊರಗೆ ಬಿಟ್ಟು, ಕರಗಿದ್ದನ್ನು ಎಳೆಗಳ ಮೂಲಕ ಹೀರಿಕೊಳ್ಳುತ್ತದೆ. ರಸ ಬಿಡುವುದಕ್ಕೂ ಹೀರುವುದಕ್ಕೂ ನೀರು ಬೇಕು. ಕಾಗದ, ಪ್ಲೈವುಡ್, ಹತ್ತಿ, ಚರ್ಮ, ಅಂಟು, ಬಣ್ಣದೊಳಗಿನ ಸಾವಯವ ಪದಾರ್ಥ, ಗೋಡೆಗೆ ಮೆತ್ತಿದ ಧೂಳು, ಇಷ್ಟರಲ್ಲಿ ಯಾವುದಾದರೂ ಅದಕ್ಕೆ ಸಾಕು. ಸಿಮೆಂಟು ಅದರ ಆಹಾರವಲ್ಲ. ಸಿಮೆಂಟಿನ ಮೇಲೆ ಕೂತ ಧೂಳು ಆಹಾರ.

ಬೀಜಕಗಳಂತೂ ಎಲ್ಲ ಕಡೆ ಇವೆ. ಪೆನಿಸಿಲಿಯಂ, ಆಸ್ಪರ್ಜಿಲ್ಲಸ್ ಜಾತಿಯವು ಹೆಚ್ಚಾಗಿ 2ರಿಂದ 5 ಮೈಕ್ರೋಮೀಟರ್ ಗಾತ್ರದವು. ತಲೆಗೂದಲಿನ ದಪ್ಪ 70 ಮೈಕ್ರೋಮೀಟರಿನಷ್ಟಿರುತ್ತದೆ ಎಂದರೆ ಅಂದಾಜು ಸಿಗಬಹುದು. ಕಿಟಕಿ, ಬಟ್ಟೆ, ತರಕಾರಿ, ನಾಯಿಯ ಮೈ, ಯಾವುದರ ಜೊತೆಗಾದರೂ ಒಳಗೆ ಬರುತ್ತವೆ. ಅವುಗಳನ್ನು ತಡೆಯುವ ಬಾಗಿಲು ಇನ್ನೂ ಯಾರೂ ಮಾಡಿಲ್ಲ. ನಮ್ಮ ಕೈಲಿರುವುದು ನೀರೊಂದೇ. ಅದೂ ಕಣ್ಣಿಗೆ ಕಾಣುವ ನೀರೇ ಆಗಬೇಕೆಂದಿಲ್ಲ. ಗೋಡೆಗೆ ತಾಗಿಕೊಂಡಿರುವ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಹಲವು ಜಾತಿಯ ಬೂಷ್ಟಿಗೆ ಅಷ್ಟೇ ಸಾಕು. ಬೀರುವಿನ ಹಿಂದೆ ಗಾಳಿ ಆಡುವುದಿಲ್ಲ, ಹೊರಗೋಡೆ ಮಳೆಗೆ ತಣ್ಣಗಿರುತ್ತದೆ, ಕೋಣೆಯ ಬಿಸಿ ಅಲ್ಲಿಗೆ ತಲುಪುವುದಿಲ್ಲ. ಬೂಷ್ಟು ಆ ಜಾಗ ಹಿಡಿದದ್ದು ಆಕಸ್ಮಿಕವಲ್ಲ.

ಹಾಗಾದರೆ ಮಣ್ಣಿನ ಮನೆಯಲ್ಲಿ ಯಾಕಿರಲಿಲ್ಲ? ನನಗೆ ತಿಳಿದಂತೆ ಮುಖ್ಯ ಕಾರಣ ಒಲೆ. ಜುಲೈಯಲ್ಲಿ ನಮ್ಮೂರಿನ ಹೊರಗಾಳಿ 22 ಡಿಗ್ರಿ, ಆರ್ದ್ರತೆ ಶೇ. 95 ಅಂತಿಟ್ಟುಕೊಳ್ಳಿ. 22 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 19 ಗ್ರಾಂ ಚಿಲ್ಲರೆ ನೀರಾವಿಯನ್ನು ಹಿಡಿಯುತ್ತದೆ. 28 ಡಿಗ್ರಿಗೆ ಕಾದರೆ 27 ಗ್ರಾಂ ಹಿಡಿಯುತ್ತದೆ. ಅಂದರೆ ಒಳಗಿನ ನೀರಾವಿ ಒಂದು ಹನಿಯೂ ಕಡಿಮೆಯಾಗದೆ, ಗಾಳಿ ಆರು ಡಿಗ್ರಿ ಬೆಚ್ಚಗಾದರೆ ಸಾಕು, ಆರ್ದ್ರತೆ 95ರಿಂದ 68ರ ಹತ್ತಿರಕ್ಕೆ ಇಳಿಯುತ್ತದೆ. ಹಳೇ ಮನೆಯಲ್ಲಿ ಅಡುಗೆ ಒಲೆ, ಬಚ್ಚಲ ಹಂಡೆ ಒಲೆ ಎರಡೂ ಮಳೆಗಾಲದಲ್ಲಿ ಪೂರ್ತಿ ಆರುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಬೀಜದ ಭತ್ತ, ಅಡಿಕೆ, ಕಂಬಳಿ, ಉಪ್ಪಿನಕಾಯಿ ಭರಣಿ ಎಲ್ಲ ಬೆಚ್ಚಗೆ ಕೂತಿರುತ್ತಿದ್ದವು. ಹೊಗೆಯೊಳಗಿನ ಫೀನಾಲ್‌ಗಳು ಬೂಷ್ಟಿಗೆ ಆಗಿಬರುವುದಿಲ್ಲ. ಬಿಸಿಗಾಳಿ ಮಂಗಳೂರು ಹೆಂಚಿನ ಸಂದುಗಳಲ್ಲಿ ತಾನಾಗಿ ಹೊರಗೆ ಹೋಗುತ್ತಿತ್ತು, ಹೋಗುವಾಗ ತೇವವನ್ನೂ ಹೊತ್ತೊಯ್ಯುತ್ತಿತ್ತು. ಎರಚಲು ಹೊಡೆಯುವ ಕಡೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಾಡು ಗೋಡೆಯಿಂದ ಮೂರಡಿ ಮುಂದೆ ಚಾಚಿರುತ್ತಿತ್ತು.

ಆ ಹೊಗೆಯನ್ನೇ ಕುಡಿದು ಕಣ್ಣು, ಶ್ವಾಸಕೋಶ ಕೆಡಿಸಿಕೊಂಡ ಹೆಂಗಸರು ನಮ್ಮ ಮನೆಯಲ್ಲೇ ಇದ್ದರು. ಅಜ್ಜಿಯ ಕೊನೆಗಾಲದ ಕೆಮ್ಮು ನನಗೆ ಇನ್ನೂ ನೆನಪಿದೆ. ಸೌದೆ ಒಲೆ ಮತ್ತೆ ಹೂಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಒಲೆ ಹೋದಾಗ ಅದು ಸದ್ದಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸವೂ ಹೋಯಿತು, ಅದರ ಜಾಗಕ್ಕೆ ನಾವು ಏನನ್ನೂ ಇಡಲಿಲ್ಲ. ಬದಲಿಗೆ ನೀರು ಇಟ್ಟೆವು. ಅಡುಗೆ ಅನಿಲ ಉರಿದಾಗ ಅದರಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಕಿಲೋ ಅನಿಲಕ್ಕೆ ಸುಮಾರು ಒಂದೂವರೆ ಕಿಲೋ ನೀರು. 14.2 ಕಿಲೋ ಸಿಲಿಂಡರು ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರು ಆವಿಯಾಗಿ ಅಡುಗೆಮನೆಗೆ ಸೇರಿರುತ್ತದೆ. ಅದರ ಮೇಲೆ ಕುದಿಯುವ ಅನ್ನ, ಸಾರು, ಬಿಸಿನೀರಿನ ಸ್ನಾನ, ಮನೆಮಂದಿಯ ಉಸಿರು, ಒಳಗೇ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ. ಸಂದಿಲ್ಲದ ಕಾಂಕ್ರೀಟ್ ಮಾಡು, ಬಿಗಿಯಾಗಿ ಮುಚ್ಚುವ ಗಾಜಿನ ಕಿಟಕಿ. ಜೊತೆಗೆ ಹೊಸ ಕಾಂಕ್ರೀಟು, ಪ್ಲಾಸ್ಟರು ಕ್ಯೂರಿಂಗ್ ಸಮಯದಲ್ಲಿ ಕುಡಿದ ನೀರು ಪೂರ್ತಿ ಆರಲು ತಿಂಗಳುಗಳೇ ಬೇಕು. ಗೃಹಪ್ರವೇಶದ ವರ್ಷವೇ ಗೋಡೆ ಕಪ್ಪಾಗುವುದಕ್ಕೆ ಇದೂ ಒಂದು ಕಾರಣ.

ಕರಾವಳಿಯಲ್ಲಿ ಕತೆ ಸ್ವಲ್ಪ ಬೇರೆ. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ, ಮಂಗಳೂರಿನ ಎಸಿ ಕೋಣೆಯ ಗೋಡೆಯೂ ಹಾಗೇ ಬೆವರುತ್ತದೆ. ಹೊರಗೆ 28 ಡಿಗ್ರಿ, ಆರ್ದ್ರತೆ ಶೇ. 90 ಇದ್ದರೆ 26 ಡಿಗ್ರಿಗಿಂತ ತಣ್ಣಗಿನ ಯಾವ ಮೈಯ ಮೇಲಾದರೂ ಗಾಳಿಯ ತೇವ ನೀರಾಗಿ ಕೂರುತ್ತದೆ. ಎಸಿಯನ್ನು 18ಕ್ಕೆ ಇಟ್ಟು ಮಲಗಿದರೆ ಬೂಷ್ಟು ಹಿಡಿಯುವುದು ಮಲಗಿದವರ ಕೋಣೆಗಲ್ಲ, ಅದೇ ಗೋಡೆಯ ಆಚೆ ಬದಿಯ ಎಸಿ ಇಲ್ಲದ ಕೋಣೆಗೆ. ಹೋಟೆಲುಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ ಗೋದಾಮಿನ ಗೋಡೆ ಕಪ್ಪಾಗಿರುವುದನ್ನು ಕಂಡಾಗ ಆ ಗೋಡೆಯ ಇನ್ನೊಂದು ಮಗ್ಗುಲಲ್ಲಿ ಏನಿದೆ ಎಂದು ಒಮ್ಮೆ ಹೋಗಿ ನೋಡುವುದು ಒಳ್ಳೆಯದು.

ನಮ್ಮ ಮನೆಗೆ ಬಂದ ಪೇಂಟಿಂಗ್ ಮೇಸ್ತ್ರಿ ಗೋಡೆ ನೋಡಿದವನೇ, "ಥಂಡಿ ಹೊಡೆದಿದೆ, ಕೆರೆದು ಡ್ಯಾಂಪ್ ಪ್ರೂಫ್ ಹಚ್ಚಿದ್ರೆ ಆಯ್ತು" ಎಂದ. ಹಚ್ಚಿಸಿದೆವು. ಮರುವರ್ಷ ಬಣ್ಣ ಹಪ್ಪಳದಂತೆ ಉಬ್ಬಿ ಕಳಚಿತು, ಅದರಡಿ ಬೂಷ್ಟು ಇನ್ನಷ್ಟು ಚೆನ್ನಾಗಿ ಬೆಳೆದಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ನಾವೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಗೋಡೆಯ ಒದ್ದೆಗೆ ಮೂಲ ಬೇರೆ ಬೇರೆ. ನೆಲದಿಂದ ಎರಡು ಮೂರಡಿ ಎತ್ತರದವರೆಗೆ ಪಟ್ಟಿಯಂತೆ ಹಬ್ಬಿ, ಅಂಚಿನಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ನೀರು ತಳಪಾಯದಿಂದ ದೀಪದ ಬತ್ತಿ ಎಣ್ಣೆ ಏರಿಸಿದಂತೆ ಏರುತ್ತಿದೆ. ಮಳೆ ಜೋರಾದಾಗ ಮಾತ್ರ ಒದ್ದೆಯಾಗಿ, ನಿಂತಾಗ ಆರಿದರೆ ಬಿರುಕೋ ಸಜ್ಜೆಯೋ ಸೋರುತ್ತಿದೆ. ಬೇಸಿಗೆಯಲ್ಲೂ ಒಂದೇ ಜಾಗ ಒದ್ದೆಯಿದ್ದರೆ ಒಳಗೆ ಪೈಪು ಒಡೆದಿರುವ ಸಂಭವ ಹೆಚ್ಚು. ಮೂಲೆಗಳಲ್ಲಿ, ಬೀರುವಿನ ಹಿಂದೆ, ಪರದೆಯ ಹಿಂದೆ ಕಪ್ಪು ಚುಕ್ಕೆಗಳಾದರೆ ಅದು ಕೋಣೆಯ ಗಾಳಿಯದೇ ತೇವ.

ಗೊಂದಲವಾದರೆ ಒಂದು ಸಣ್ಣ ಪ್ರಯೋಗ ಮಾಡಬಹುದು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದಡಿ ಚೌಕವನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಬೆವತಿದ್ದರೆ ತೇವ ಕೋಣೆಯದು. ಬಿಡಿಸಿದಾಗ ಒಳಮೈ ಒದ್ದೆಯಿದ್ದರೆ ಗೋಡೆಯೇ ನೀರು ಕಾರುತ್ತಿದೆ. ನಮ್ಮ ಮನೆಯಲ್ಲಿ ಪಡುವಣ ಗೋಡೆಯ ಮೇಲೆ ಎರಡೂ ಕಡೆ ಒದ್ದೆ ಸಿಕ್ಕಿತು. ಸಜ್ಜೆ ಗಿಡ್ಡದಾಗಿತ್ತು, ಎರಚಲು ನೇರ ಗೋಡೆಗೇ ಹೊಡೆಯುತ್ತಿತ್ತು. ಒಳಗೆ ಬೀರು ಗೋಡೆಗೆ ಅಂಟಿಕೊಂಡಿತ್ತು.

ಹಿಡಿಯುವ ಮೊದಲೇ ತಡೆಯಬೇಕೆಂಬ ಪಾಠ ಅಡಿಕೆ ಬೆಳೆಯುವ ನಮಗೆ ಹೊಸದಾಗಿರಬಾರದಿತ್ತು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದವರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಇವತ್ತಿಗೂ ನಾವು ಮಳೆ ಹಿಡಿಯುವ ಮೊದಲೇ ಗೊನೆಗೆ ಹೊಡೆಯುತ್ತೇವೆ, ಕಾಯಿ ಉದುರಿದ ಮೇಲೆ ಹೊಡೆದು ಪ್ರಯೋಜನವಿಲ್ಲ ಎಂದು ಗೊತ್ತಿರುವುದರಿಂದ. ತೋಟದಲ್ಲಿ ಇಷ್ಟು ಎಚ್ಚರವಿರುವವರು ಮನೆಯ ಸಜ್ಜೆ, ದೋಣಿ, ಪೈಪುಗಳನ್ನು ಮೇ ತಿಂಗಳಲ್ಲಿ ಒಮ್ಮೆ ತಲೆಯೆತ್ತಿ ನೋಡುವುದಿಲ್ಲ.

ಸುಣ್ಣದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹೊಸದಾಗಿ ಬಳಿದ ಸುಣ್ಣ ಬಲವಾದ ಕ್ಷಾರ, ಪಿಎಚ್ 12ರ ಮೇಲೆ. ಅದರಲ್ಲಿ ಬೂಷ್ಟು ತಲೆ ಎತ್ತಲಾರದು. ಜೊತೆಗೆ ಸುಣ್ಣದ ಪದರದ ಮೂಲಕ ಗೋಡೆಯ ತೇವ ಹೊರಗೆ ಹೋಗಬಲ್ಲದು, ಪ್ಲಾಸ್ಟಿಕ್ ಬಣ್ಣದ ಹಾಗೆ ಒಳಗೇ ಕಟ್ಟಿಹಾಕುವುದಿಲ್ಲ. ಆದರೆ ಸುಣ್ಣ ದಿನ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ಕ್ಷಾರ ಇಳಿಯುತ್ತದೆ. ವರ್ಷಕ್ಕೊಮ್ಮೆ ಹಬ್ಬದ ನೆಪದಲ್ಲಿ ಸುಣ್ಣ ಬಳಿಯುತ್ತಿದ್ದ ರೂಢಿಯಿಂದ ಗೋಡೆಗೆ ಆ ಶಕ್ತಿ ಮರಳಿ ಬರುತ್ತಿತ್ತು.

ಈಗಾಗಲೇ ಹಿಡಿದ ಬೂಷ್ಟನ್ನು ತೆಗೆಯುವಾಗ ಮೊದಲ ತಪ್ಪು ಒಣ ಪೊರಕೆಯಿಂದ ಗುಡಿಸುವುದು. ಒಂದು ಏಟಿಗೆ ಲೆಕ್ಕವಿಲ್ಲದಷ್ಟು ಬೀಜಕಗಳು ಮೇಲೇಳುತ್ತವೆ. ಎನ್95 ಮಾಸ್ಕ್ ಹಾಕಿ, ಕೈಗವಸು ತೊಟ್ಟು, ಸೋಪಿನ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಬೇಕು. ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಹೆಚ್ಚು ಹರಡಿದ್ದರೆ, ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ತಿಳಿದವರ ಕೈಯಲ್ಲಿ ಮಾಡಿಸುವುದು ಕ್ಷೇಮ. ಬ್ಲೀಚಿಂಗ್ ಪೌಡರು ಟೈಲ್ಸ್ ಮೇಲೆ ಕೆಲಸ ಮಾಡೀತು. ಪ್ಲಾಸ್ಟರಿನಲ್ಲಿ, ಮರದಲ್ಲಿ ಒಳಗಿಳಿದ ಎಳೆಗಳನ್ನು ಅದು ಮುಟ್ಟುವುದಿಲ್ಲ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಹಾಗಾಗಿ ಕೊಂದರೆ ಸಾಲದು, ತೆಗೆಯಬೇಕು. ದಯವಿಟ್ಟು ಇದೊಂದನ್ನು ಮರೆಯಬೇಡಿ: ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣ ತೆಗೆಯಬಲ್ಲದು. ಬೀರುವಿನಲ್ಲಿಡುವ ನುಸಿಗುಳಿಗೆ ಹುಳಕ್ಕಷ್ಟೇ. ತೇವ ಹೀರುವ ಗುಣ ಅದಕ್ಕಿಲ್ಲ.

2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಬಚ್ಚಲ ಗೋಡೆಯ ಕಪ್ಪು ಕಲೆ ತೋರಿಸಿ "ಇದೇ ಬ್ಲ್ಯಾಕ್ ಫಂಗಸ್ಸಾ?" ಎಂದು ಹೆದರಿದವರನ್ನು ನಾನು ಬಲ್ಲೆ. ಅಲ್ಲ. ಆ ಕಾಯಿಲೆಯಲ್ಲಿ ಕಪ್ಪಾಗುತ್ತಿದ್ದುದು ರಕ್ತ ಹರಿಯದೆ ಸತ್ತ ಅಂಗಾಂಶ. ಗೋಡೆಯ ಕಪ್ಪು ಸಾಮಾನ್ಯವಾಗಿ ಬೇರೆಯೇ ಜಾತಿಯ ಬೂಷ್ಟು. ಹಾಗೆಂದು ಗೋಡೆಯ ಬೂಷ್ಟು ನಿರಪಾಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಒದ್ದೆ ಮನೆಗಳಲ್ಲಿ ಆಸ್ತಮಾ, ಉಸಿರಾಟದ ತೊಂದರೆ ಹೆಚ್ಚೆಂದು ಹೇಳಿತು. ಆದರೆ ಇಷ್ಟು ಬೂಷ್ಟಿದ್ದರೆ ಪರವಾಗಿಲ್ಲ ಎಂಬ ಮಿತಿಯನ್ನು ಕೊಡಲಿಲ್ಲ, ಒದ್ದೆಯನ್ನೇ ತಡೆಯಿರಿ ಎಂದಿತು.

ನೆರೆ ನುಗ್ಗಿದಾಗ ಲೆಕ್ಕ ಗಂಟೆಗಳಲ್ಲಿ. ಒದ್ದೆಯಾದ ಸಾಮಾನು 24ರಿಂದ 48 ಗಂಟೆಯೊಳಗೆ ಒಣಗಿದರೆ ಬೂಷ್ಟು ಹೆಚ್ಚಾಗಿ ಹಿಡಿಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಬೇಕಾಯಿತು. ನೆಲಮಾಳಿಗೆಯಲ್ಲಿ ದಿನಗಟ್ಟಲೆ ನೀರು ನಿಂತರೆ ಈ ಗಡುವು ನೀರು ಖಾಲಿಯಾಗುವ ಮುಂಚೆಯೇ ಮುಗಿದಿರುತ್ತದೆ. ಅಂಥ ನೀರಿನಲ್ಲಿ ಚರಂಡಿಯೂ ಸೇರಿರುತ್ತದೆ. ವಿದ್ಯುತ್ತಿನ ಮೇನ್ ಸ್ವಿಚ್ಚು ಆಫ್ ಆಗಿದೆಯೆಂದು ಖಾತ್ರಿಯಾಗುವ ತನಕ ಒಳಗೆ ಕಾಲಿಡಬಾರದು. ಹಾಸಿಗೆ, ಸೋಫಾ, ಉಬ್ಬಿದ ಪ್ಲೈವುಡ್ಡನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕು. ಜಿಪ್ಸಮ್ ಬೋರ್ಡಿನ ಗೋಡೆ ನೀರಿನ ಗುರುತಿಗಿಂತ ಮೇಲಕ್ಕೂ ಹೀರಿರುತ್ತದೆ, ಅಲ್ಲಿಯವರೆಗೂ ಕತ್ತರಿಸಿ ತೆಗೆಯಬೇಕು. ಕ್ರಯಪತ್ರ, ಅಂಗಡಿಯ ಲೆಕ್ಕದ ಪುಸ್ತಕ ನೆನೆದಿದ್ದರೆ, ಎರಡು ದಿನದಲ್ಲಿ ಒಣಗಿಸಲು ಆಗದಿದ್ದರೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿ. ಬೂಷ್ಟು ಅಲ್ಲಿಗೆ ನಿಲ್ಲುತ್ತದೆ, ಸಾವಕಾಶವಾಗಿ ಒಂದೊಂದೇ ತೆಗೆದು ಒಣಗಿಸಬಹುದು. ಗ್ರಂಥಾಲಯಗಳು ಬಳಸುವ ಉಪಾಯ ಇದು.

ತೇವವನ್ನೇ ಬಂಡವಾಳ ಮಾಡಿಕೊಂಡ ಉದ್ಯಮವೂ ನಮ್ಮಲ್ಲಿದೆ. ಮಂಗಳೂರಿನ ಕಾಫಿ ಗೋದಾಮುಗಳಲ್ಲಿ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿ ತಯಾರಾಗುವುದು ಮಳೆಗಾಲದ ಗಾಳಿಯಲ್ಲೇ. ಬೀಜಗಳನ್ನು ನೆಲದ ಮೇಲೆ ಹರಡಿ, ಮತ್ತೆ ಮತ್ತೆ ಕೆದರಿ, ಆಮೇಲೆ ಚೀಲಗಳಿಗೆ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿಗೆ ದಾರಿ ಬಿಟ್ಟು ಜೋಡಿಸುತ್ತಾರೆ. ಆಗಾಗ ಸುರಿದು ಮತ್ತೆ ತುಂಬುತ್ತಾರೆ. 12ರಿಂದ 16 ವಾರ ಹೀಗೆ ನಡೆದು ಬೀಜ ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತದೆ. ಅದೇ ತೇವದಲ್ಲಿ ರಾಶಿಯನ್ನು ಅಲುಗಿಸದೆ ಬಿಟ್ಟಿದ್ದರೆ ಬೂಷ್ಟಿನ ಪಾಲಾಗುತ್ತಿತ್ತು.

ಅಮ್ಮನ ಕೋಣೆಯಲ್ಲಿ ನಾವು ಮಾಡಿದ್ದೂ ಹೆಚ್ಚುಕಡಿಮೆ ಇದೇ. ಪಡುವಣ ಗೋಡೆಗೆ ಮೂರಡಿ ತಗಡಿನ ಮಾಡು ಇಳಿಸಿದೆವು. ಬೀರುವನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ ತಂದೆವು. ಅಡುಗೆಮನೆಗೆ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನು ಬಂತು. ಕೆರೆದ ಗೋಡೆಯನ್ನು ಬೇಸಿಗೆಯಿಡೀ ಬರಿದಾಗಿ ಬಿಟ್ಟು, ಒಣಗಿದ ಮೇಲೆ ಸುಣ್ಣ ಬಳಿದೆವು. ಆರ್ದ್ರತೆ ತೋರಿಸುವ ಅಂಗೈಯಗಲದ ಮೀಟರೊಂದನ್ನು ಬೀರುವಿನ ಹಿಂದೆ ತೂಗುಹಾಕಿದ್ದೇನೆ. ಅಮ್ಮ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ಅದನ್ನು ಓದಿ ಕ್ಯಾಲೆಂಡರಿನ ಚೌಕದಲ್ಲಿ ಅಂಕಿ ಬರೆದಿಡುತ್ತಾರೆ. ಕಳೆದ ಆಷಾಢದ ಹಾಳೆಯಲ್ಲಿ ಹೆಚ್ಚಿನವು ಎಪ್ಪತ್ತರ ಆಚೀಚೆ ಇವೆ. ಒಂದು ವಾರ ಮಾತ್ರ 80 ದಾಟಿತ್ತು. ಆ ವಾರ ರೇಷ್ಮೆ ಸೀರೆಗಳೆಲ್ಲ ಪಕ್ಕದ ಬೆಚ್ಚಗಿನ ಕೋಣೆಗೆ ಹೋಗಿ, ಬಿಸಿಲು ಬಂದ ದಿನ ಬೀರುವಿಗೆ ಮರಳಿದವು.